ವನ್ಸ್ ಮೋರ್ ಅಂದ ವೈನಿ

ಸಿನೆಮಾ ಮಂದಿರದ ದೀಪಗಳು ಆರಿದ ಮೇಲೆ ನನ್ನ ಬಲಗಿವಿಗೆ ಮೊದಲು ತಾಕುತ್ತಿದ್ದುದು ಲವಂಗದ ವಾಸನೆಯ ಬಿಸಿಯುಸಿರು. ಅದರ ಬೆನ್ನಿಗೇ ವೈನಿಯ ಮಾತು. ದವಡೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ಬಳೆ ಸದ್ದಾಗದಿರಲೆಂದು ಅವನ್ನು ಸ್ವೆಟರಿನ ತೋಳಿನೊಳಗೆ ತೂರಿಸಿ, ಬಲಗೈಯನ್ನು ಬಾಯಿಗೆ ಮರೆಯಾಗಿ ಹಿಡಿದು, ಕಣ್ಣನ್ನು ಪರದೆಯಿಂದ ಕೀಳದೆ, ಜರ್ಮನ್ ಭಾಷೆಯಲ್ಲಿ ಓಡುತ್ತಿದ್ದ ಚಿತ್ರವನ್ನು ಧಾರವಾಡದ ಕನ್ನಡದಲ್ಲಿ ನನ್ನ ಕಿವಿಗೆ ಸುರಿಯುತ್ತಿದ್ದರು. ಹಿಂದಿನ ಸಾಲಿನವರು ಒಮ್ಮೆ ಕೆಮ್ಮಿದರೆ ದನಿ ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ.

ನಾನು ಮೈಸೂರಿನವಳು. ನಮ್ಮಲ್ಲಿ ಅತ್ತಿಗೆ ಎನ್ನುತ್ತೇವೆ. ಆದರೆ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿದ್ದ ನಾಲ್ಕಾರು ಕನ್ನಡ ಮನೆಗಳಿಗೆಲ್ಲ ಅವರು ವೈನಿ, ಹಾಗಾಗಿ ನನಗೂ ವೈನಿಯೇ ಆದರು. ಅವರ ಯಜಮಾನರು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರು, ನಮಗಿಂತ ಮೊದಲೇ ಬಂದು ನೆಲೆಯಾದವರು. ನಾವು ಜರ್ಮನಿ ಕಂಪ್ಯೂಟರಿನವರಿಗೆಂದು ಕೊಟ್ಟ ಗ್ರೀನ್ ಕಾರ್ಡಿನ ನೂಕುನುಗ್ಗಲಲ್ಲಿ ಬಂದವರು. ನನ್ನ ಗಂಡನಿಗೆ ಐದು ವರ್ಷದ ಪರವಾನಗಿ ಸಿಕ್ಕಿತ್ತು; ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಕೆಲಸ ಮಾಡಕೂಡದೆಂಬ ಮೊಹರು. ನವೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಬಂದು ಸ್ವಲ್ಪ ದಿನವಾಗಿತ್ತಷ್ಟೇ, ವೈನಿ ಫೋನ್ ಮಾಡಿದರು.

"ತಂಗಿ, ಮನ್ಯಾಗ ಕೂತು ಗ್ವಾಡಿ ಎಷ್ಟಂತ ನೋಡ್ತಿ? ಮಂಗಳವಾರ ಸಿನೆಮಾಕ್ಕ ಬಾ. ತಿಳೀಲಿಲ್ಲಂದ್ರ ಹೇಳ್ಲಿಕ್ಕೆ ನಾ ಇದ್ದೇನಿ."

ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಇಂಗ್ಲಿಷ್ ಚಿತ್ರವಾದರೆ ನನಗೆ ಯಾರ ಸಹಾಯವೂ ಬೇಡವೆಂದುಕೊಂಡು ಹೋದೆ. ಅಲ್ಲಿ ಇಂಗ್ಲಿಷಿನವರೂ ಫ್ರೆಂಚರೂ ಇಟಲಿಯವರೂ ಎಲ್ಲರೂ ಜರ್ಮನ್ನೇ ಮಾತಾಡುತ್ತಿದ್ದರು. ಯಾವ ದೇಶದ ಚಿತ್ರವಾದರೂ ಆ ಊರಿಗೆ ಬರುವಷ್ಟರಲ್ಲಿ ಅದಕ್ಕೆ ಬೇರೆ ನಾಲಿಗೆ ಜೋಡಿಸಿರುತ್ತಿದ್ದರು. ನಟಿಯ ತುಟಿ ಮುಚ್ಚಿದ ಮೇಲೂ ಅವಳ ಮಾತು ಅರ್ಧ ಗಳಿಗೆ ಮುಂದುವರಿಯುತ್ತಿತ್ತು. ನಾನು ಕಥೆ ಬಿಟ್ಟು ಬರಿಯ ತುಟಿಗಳನ್ನೇ ನೋಡುತ್ತಾ ಕೂರುತ್ತಿದ್ದೆ. ಮಧ್ಯಂತರವಿಲ್ಲ. ಪಾಪ್‌ಕಾರ್ನ್ ಕೇಳಿದರೆ ಸಕ್ಕರೆ ಸುರಿದದ್ದು. ವೈನಿ ಚೀಲದಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಅದರ ಮೇಲೆ ಉದುರಿಸಿ ಡಬ್ಬವನ್ನು ಒಮ್ಮೆ ಕುಲುಕುತ್ತಿದ್ದರು. ಸಾಲಿನೊಳಗೆ ದಾಟುವಾಗ ನಾವು ಊರಿನಲ್ಲಿ ಮಾಡುವಂತೆ ಬೆನ್ನು ತಿರುಗಿಸಿ ಸರಿದೆವೆಂದು ಒಬ್ಬ ಹೆಂಗಸು ಗೊಣಗಿದಳು. ಕೂತವರ ಕಡೆ ಮುಖ ಮಾಡಿಯೇ ದಾಟುವುದು ಇಲ್ಲಿಯ ಮರ್ಯಾದೆ. "ಮಾರಿ ತೋರಿಸಿಕೋತ ಹೋಗಬೇಕಂತ, ಹೆಣ್ಣ ನೋಡ್ಲಿಕ್ಕೆ ಬಂದಾರೇನೋ ಅನ್ನೂಹಂಗ," ಎಂದು ವೈನಿ ಆಮೇಲೆ ಹಾಗೆಯೇ ನಡೆದು ತೋರಿಸಿದರು.

ವೈನಿಯ ಜರ್ಮನ್ ಭಾಷೆ ತರಕಾರಿ ಅಂಗಡಿಗೂ ಬಸ್ಸಿಗೂ ಸಾಕಾಗುವಷ್ಟಿತ್ತು ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ಚಿತ್ರದಲ್ಲಿ ಕೋಟು ತೊಟ್ಟವನೊಬ್ಬ ಪದೇ ಪದೇ ಮನೆಗೆ ಬಂದು ನಾಯಕಿಯನ್ನು ಅಳಿಸುತ್ತಿದ್ದ. ಅವನು ಗಂಡನ ತಮ್ಮನೆಂದೂ ಆಸ್ತಿಗಾಗಿ ಪೀಡಿಸುತ್ತಿರುವನೆಂದೂ ವೈನಿ ಹೇಳಿದ್ದರು. ನಾನು ಅವನನ್ನು ಮನಸಾರೆ ಬೈದುಕೊಂಡಿದ್ದೆ. ಮುಂದೆ ಅದೇ ಚಿತ್ರದ ಇಂಗ್ಲಿಷ್ ಸಿ.ಡಿ. ಸಿಕ್ಕಿ ನೋಡಿದರೆ ಅವನು ಡಾಕ್ಟರು, ಅವಳ ಕಾಯಿಲೆಯ ಸುದ್ದಿ ಹೇಳಲು ಬರುತ್ತಿದ್ದವನು. ಹೇಳಿದಾಗ ವೈನಿಗೆ ನಾಚಿಕೆಯೇನೂ ಆಗಲಿಲ್ಲ.

"ಹೌದೇನ? ಖರೇ ಹೇಳ, ಯಾರ ಕಥಿ ಛಲೋ ಇತ್ತು? ಅವರದೋ, ನಂದೋ?"

ನಿಜ ಹೇಳಬೇಕೆಂದರೆ ವೈನಿಯದೇ ಚೆನ್ನಾಗಿತ್ತು.

ಅವರ ತಂದೆ ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರು. ವೈನಿ ಹುಟ್ಟಿ ಬೆಳೆದದ್ದು ಆ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲೇ. ಹಾಡು ಚೆನ್ನಾಗಿ ಬಂದರೆ ಅಲ್ಲಿ ಜನ ವನ್ಸ್ ಮೋರ್ ಎಂದು ಕೂಗುತ್ತಾರೆ, ಸತ್ತು ಬಿದ್ದ ಪಾತ್ರವೂ ಎದ್ದು ಬಂದು ಮತ್ತೆ ಹಾಡಿ ಮತ್ತೆ ಸಾಯುತ್ತದೆ. ನಾನು ನಂಬಲಿಲ್ಲ. ಆಗ ಅವರು ಇನ್ನೊಂದು ಗುಟ್ಟು ಹೇಳಿದರು. ಕೂಗಬೇಕೆಂದು ಎಲ್ಲರಿಗೂ ಅನ್ನಿಸಿರುತ್ತದೆ, ಆದರೆ ಮೊದಲು ಬಾಯಿ ತೆರೆಯಲು ಎಲ್ಲರಿಗೂ ಸಂಕೋಚ. ಅದಕ್ಕೇ ಕಂಪನಿಯ ಮಾಲೀಕರು ಫ್ರಾಕು ತೊಟ್ಟ ಈ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರಂತೆ. ಮೊದಲ ಕೂಗು ಇವರದು.

"ಸುಳ್ಳ ಕೂಗಿದಿಯೇನೂ ಕಪಾಳಕ್ಕ ಬಿದ್ದೀತು ಅಂತ ಅಪ್ಪ ಹೇಳಿದ್ದ. ಹಾಡು ಎದ್ಯಾಗ ನಟ್ಟರ ಅಷ್ಟ ಕೂಗಬೇಕು. ಎಷ್ಟೋ ರಾತ್ರಿ ಕೂಗದ ಕೂತೇನಿ, ಮಾಲಕರು ಕಣ್ಣು ಬಿಟ್ರೂ ಕೂಗಿಲ್ಲ," ಎಂದಿದ್ದರು.

ನಮ್ಮ ಶಾಲೆಯಲ್ಲಿ ಸಿಸ್ಟರುಗಳು ತುಟಿಯ ಮೇಲೆ ಬೆರಳಿಟ್ಟು ಕೂರುವುದನ್ನು ಕಲಿಸಿದ್ದರು. ಹೀಗೂ ಒಂದು ಬಾಲ್ಯವಿರಬಹುದೆಂದು ನಾನು ಬೆರಗಾಗಿ ಕೇಳಿದೆ.

ಎರಡನೆಯ ಚಳಿಗಾಲದಲ್ಲಿ ಅವರ ದನಿ ಒಡೆಯತೊಡಗಿತು. ಪಿಸುಮಾತಿನಲ್ಲಿ ಅದು ತಿಳಿಯುತ್ತಿರಲಿಲ್ಲ. ಮಂದಿರದಿಂದ ಹೊರಬಂದು ಬಸ್‌ಸ್ಟಾಪಿನಲ್ಲಿ ಮಾತಾಡುವಾಗ ಒಂದೊಂದು ಪದದ ತುದಿ ಕಾಣೆಯಾಗುತ್ತಿತ್ತು. ಥಂಡಿ ಎಂದರು. ಹೀಟರಿನ ಬಿಸಿಯಲ್ಲೂ ಕುತ್ತಿಗೆಗೆ ಸುತ್ತಿದ ಉಣ್ಣೆಯ ಪಟ್ಟಿಯನ್ನು ಅವರು ಬಿಚ್ಚುತ್ತಿಲ್ಲವೆಂಬುದನ್ನು ನಾನು ಗಮನಿಸಿದೆ. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಲು ಬಾಗಿದಾಗ ಪಟ್ಟಿ ಜಾರಿತು. ಮಂಗಳಸೂತ್ರದ ಕರಿಮಣಿಗಳು ನೇರವಾಗಿ ಇಳಿಯದೆ ಒಂದು ಕಡೆ ಉಬ್ಬಿನ ಮೇಲೆ ಹತ್ತಿ ಇಳಿದಿದ್ದವು. ನಾನು ನೋಡಿದ್ದನ್ನು ಅವರು ನೋಡಿದರು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆ ಹೊತ್ತಿಗೆ ಸಂಜೆ ತರಗತಿಗೆ ಹೋಗಿ ನನ್ನ ಜರ್ಮನ್ ಅವರದಕ್ಕಿಂತ ಮುಂದಾಗಿತ್ತು, ತಿಳಿಯದಿದ್ದಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪರೀಕ್ಷೆಯ ಫಲಿತಾಂಶ ಹೇಳುವ ದಿನ ಡಾಕ್ಟರು ಬಾಯಿ ತೆರೆಯುವ ಮೊದಲೇ ವೈನಿ ನನ್ನ ಮಣಿಕಟ್ಟು ಹಿಡಿದರು.

"ತಂಗಿ, ನೀ ನನ್ನಂಗ ಕಥಿ ಕಟ್ಟಬ್ಯಾಡ. ಅವರು ಏನಂದ್ರು ಅಷ್ಟ ಹೇಳ."

ಸೂಜಿ ಹಾಕಿ ತೆಗೆದ ಪರೀಕ್ಷೆಯಲ್ಲಿ ಗಂಟು ಒಳ್ಳೆಯದೋ ಕೆಟ್ಟದ್ದೋ ಖಚಿತವಾಗಿಲ್ಲ, ತೆಗೆದೇ ನೋಡಬೇಕು, ತಡಮಾಡಬಾರದು ಎಂದರು ಡಾಕ್ಟರು. ಹೇಳಿದೆ. ದನಿಯ ನರ ಆ ಗಂಟಿನ ಬೆನ್ನಿಗೇ ಹಾದುಹೋಗುತ್ತದೆ, ಈಗಲೇ ಅದರ ಮೇಲೆ ಒತ್ತಡ ಬಿದ್ದಿರುವಂತಿದೆ ಎಂದರು. ಅದನ್ನೂ ಹೇಳಿದೆ.

"ಧ್ವನಿ ಉಳೀತದೇನು, ಕೇಳ."

ಕೇಳಿದೆ. ಡಾಕ್ಟರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. ಉಳಿಸಲು ಎಲ್ಲ ಪ್ರಯತ್ನ ಮಾಡುತ್ತೇವೆ, ಮಾತು ಕೊಡಲಾರೆ ಎಂದರು. ನನ್ನ ಬಾಯಲ್ಲಿ 'ಉಳಿಯುತ್ತದಂತೆ' ಎಂಬ ಪದ ಸಿದ್ಧವಾಗಿ ನಿಂತಿತ್ತು. ಮಣಿಕಟ್ಟಿನ ಮೇಲಿದ್ದ ಅವರ ಬೆರಳು ಬಿಗಿಯಾಯಿತು. ಇದ್ದದ್ದನ್ನೇ ಹೇಳಿದೆ. ಅವರು ತಲೆಯಾಡಿಸಿ, ಡಾಕ್ಟರರಿಗೆ ತಮ್ಮ ಅಂಗಡಿಯ ಜರ್ಮನ್ನಿನಲ್ಲಿ ಧನ್ಯವಾದ ಹೇಳಿ, ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡರು.

ಯಜಮಾನರಿಗೆ ಹೇಳಿರಲಿಲ್ಲ. ಹೇಳಿದರೆ ಮರುದಿನವೇ ಹುಬ್ಬಳ್ಳಿಗೆ ಕಳಿಸುತ್ತಾರೆ, ಅಲ್ಲಿ ಭಾವಮೈದುನರು, ನಾದಿನಿಯರು ಎಲ್ಲ ಸೇರಿ ಜೀವ ದೊಡ್ಡದೋ ಧ್ವನಿ ದೊಡ್ಡದೋ ಎಂದು ಪಂಚಾಯ್ತಿ ಕೂರಿಸುತ್ತಾರೆ ಎಂಬುದು ಅವರ ವಾದ. ಅಷ್ಟೇ ಅಲ್ಲ, ಶಸ್ತ್ರಚಿಕಿತ್ಸೆಯೇ ಬೇಡವೆಂಬ ಯೋಚನೆಯೂ ಅವರ ತಲೆಯಲ್ಲಿ ಓಡುತ್ತಿತ್ತು. "ಮಾತಾಡಲಾರದ ನಾ ಇದ್ದು ಏನು ಮಾಡ್ಲಿ? ನನ್ನ ಹತ್ರ ಇನ್ನೇನದ?" ಎಂದು ಒಮ್ಮೆ ಕೇಳಿದರು. ಪ್ರತಿ ಸಲ ಫೋನ್ ಬಂದಾಗಲೂ ನಾನು ಮೊದಲು ಕೇಳುತ್ತಿದ್ದುದು ಅವರು ಹೇಳುವ ಸುದ್ದಿಯನ್ನಲ್ಲ, ದನಿಯನ್ನು. ನಿನ್ನೆಗಿಂತ ಇಂದು ಎಷ್ಟು ತೆಳುವಾಗಿದೆ ಎಂದು.

ಕ್ರಿಸ್‌ಮಸ್ಸಿಗೆ ಮೊದಲು ಮ್ಯೂನಿಕ್ಕಿಗೆ ಒಂದು ಸಂಗೀತನಾಟಕ ಬರುವುದಿತ್ತು. ಅದಕ್ಕೆ ಅವರು ಬೇಸಿಗೆಯಲ್ಲೇ ಮೂರು ಟಿಕೆಟ್ ಕಾದಿರಿಸಿದ್ದರು. ಅವರ ಯಜಮಾನರು ಸಿನೆಮಾ ನಾಟಕವೆಂದರೆ ದೂರ, ತಮ್ಮ ಮದುವೆಯ ವಾರ್ಷಿಕೋತ್ಸವದ ನೆಪದಲ್ಲಿ ಬರಲು ಒಪ್ಪಿದ್ದರು. ಅದನ್ನು ನೋಡಿಯೇ ಮುಂದಿನ ಮಾತು ಎಂದು ವೈನಿ ಹಟ ಹಿಡಿದರು. ನಾನು ಜೀವನದಲ್ಲಿ ಹಿರಿಯರಿಗೆ ಎದುರು ಮಾತಾಡಿದವಳಲ್ಲ. ಅಂದು ಆಡಿದೆ.

"ವೈನಿ, ನಾಟಕ ಮುಗಿಯೋತನಕ ಸುಮ್ಮನಿರ್ತೀನಿ. ವಾಪಸ್ ರೈಲು ಹತ್ತೋದ್ರೊಳಗೆ ನೀವು ಹೇಳ್ಬೇಕು. ಇಲ್ದಿದ್ರೆ ನಾನೇ ಅಣ್ಣನಿಗೆ ಹೇಳಿಬಿಡ್ತೀನಿ. ನೀವು ನನ್ನ ಜೊತೆ ಮಾತು ಬಿಟ್ರೂ ಪರವಾಗಿಲ್ಲ."

"ಮಾತು ಬಿಡೂದು ನನ್ನ ಕೈಯಾಗ ಎಲ್ಲಿ ಅದವಾ," ಎಂದರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ರೈಲಿನಲ್ಲಿ ದಾರಿಯುದ್ದಕ್ಕೂ ಅವರು ಮಾತೇ ಆಡಲಿಲ್ಲ. ಯಜಮಾನರು ಪತ್ರಿಕೆಯ ಮೇಲಿನಿಂದ ಒಂದೆರಡು ಸಲ ನೋಡಿ, "ಏನು, ಇವತ್ತ ಮೌನವ್ರತ?" ಎಂದರು. ಅವರು ಕಿಟಕಿಯ ಹೊರಗೆ ಹಿಮ ಬಿದ್ದ ಹೊಲಗಳನ್ನು ನೋಡುತ್ತಿದ್ದರು. ದನಿಯನ್ನು ಕೂಡಿಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು, ಯಾತಕ್ಕೆಂದು ಗೊತ್ತಾಗಲಿಲ್ಲ.

ನಾಟಕಶಾಲೆಯಲ್ಲಿ ಕೋಟು, ಪಟ್ಟಿ ಎಲ್ಲವನ್ನೂ ಹೊರಗೆ ಕಳಚಿ ಕೊಟ್ಟೇ ಒಳಗೆ ಹೋಗಬೇಕು. ಕೋಟು ಒಪ್ಪಿಸುವ ಕಟ್ಟೆಯ ಮುಂದೆ ಸಾಲು ಬೆಳೆಯುತ್ತಿತ್ತು, ವೈನಿ ಉಣ್ಣೆಪಟ್ಟಿಯನ್ನು ಹಿಡಿದು ನಿಂತೇ ಇದ್ದರು. ಕಡೆಗೆ ಅದನ್ನು ಬಿಚ್ಚಿ ಕೊಟ್ಟು, ಸೀರೆಯ ಸೆರಗನ್ನು ಕುತ್ತಿಗೆಗೆ ಎಳೆದು ಸುತ್ತಿಕೊಂಡರು. ಯಜಮಾನರು ಟಿಕೆಟ್ಟಿನ ಸಂಖ್ಯೆ ಓದುತ್ತಿದ್ದರು, ನೋಡಲಿಲ್ಲ.

ಒಳಗೆ ಅಂಥ ಮೌನವನ್ನು ನಾನು ಚರ್ಚಿನಲ್ಲೂ ಕೇಳಿಲ್ಲ. ಜನ ಕೆಮ್ಮನ್ನು ಕೂಡ ಹಾಡು ಹಾಡಿನ ನಡುವಿಗೆ ಉಳಿಸಿಕೊಳ್ಳುತ್ತಿದ್ದರು. ನಾನು ಅವರಿಬ್ಬರ ಎಡಕ್ಕೆ, ವೈನಿ ನಡುವೆ. ಕಥೆ ಒಂದು ಬಂದರಿನ ಊರಿನದು. ಹಡಗು ಹತ್ತಿ ಹೋದ ಮಗಳಿಗಾಗಿ ಕಾಯುವ ಬೇಕರಿಯ ಹೆಂಗಸು. ಅಂದು ವೈನಿ ನನಗೆ ಏನನ್ನೂ ಅನುವಾದಿಸಲಿಲ್ಲ. ಆ ಹೆಂಗಸು ಹಿಟ್ಟು ಮೆತ್ತಿದ ಕೈಗಳನ್ನು ಮುಂದೆ ಚಾಚಿ, ವಾದ್ಯಗಳೆಲ್ಲ ನಿಂತ ಮೇಲೆ, ಬರಿಯ ಕಂಠದಿಂದ ಒಂದು ಹಾಡು ಹಾಡಿದಳು. ದೊಡ್ಡ ದನಿಯಲ್ಲ. ಮೇಲೇರುವಾಗ ಸ್ವಲ್ಪ ನಡುಗಿತು, ಆದರೂ ಬಿಡದೆ ಹತ್ತಿ ನಿಂತಿತು. ಮುಗಿಯಿತು. ಚಪ್ಪಾಳೆಗೆ ಮುಂಚಿನ ಆ ಒಂದು ಗಳಿಗೆ ಇಡೀ ಸಭೆ ಉಸಿರು ಹಿಡಿದಿತ್ತು.

ಪಕ್ಕದಲ್ಲಿ ಕುರ್ಚಿ ಮಡಚಿದ ಸದ್ದಾಯಿತು. ವೈನಿ ಎದ್ದು ನಿಂತಿದ್ದರು.

"ವನ್ಸ್ ಮೋರ್."

ನಾನು ಎಂದೂ ಕೇಳದ ದನಿ ಅದು. ತುಂಬಿದ, ದುಂಡನೆಯ, ಕಡೆಯ ಗೋಡೆಗೆ ತಾಗಿ ಮರಳುವ ದನಿ. ನಮ್ಮ ಮುಂದಿನ ಸಾಲುಗಳ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಒಬ್ಬಾತ ತುಟಿಗೆ ಬೆರಳಿಟ್ಟ. ಬಾಗಿಲ ಬಳಿ ನಿಂತಿದ್ದ ಸಮವಸ್ತ್ರದ ಹೆಂಗಸು ನಮ್ಮ ಸಾಲಿನ ಕಡೆ ಹೆಜ್ಜೆ ಹಾಕಿದಳು. ಅವರ ಸೆರಗು ಹಿಡಿದು ಕೂರಿಸಬೇಕೆಂದು ಕೈ ಚಾಚಿದೆ. ಅವರು ಎರಡನೆಯ ಬಾರಿ ಕೂಗಲು ಬಾಯಿ ತೆರೆದರು.

ಏನೂ ಬರಲಿಲ್ಲ. ಕತ್ತಿನ ನರಗಳು ಬಿಗಿದಿದ್ದವು, ಬಾಯಿ ಆ ಪದದ ಆಕಾರಕ್ಕೇ ತೆರೆದಿತ್ತು, ಗಾಳಿ ಮಾತ್ರ ಹೊರಬಂತು. ಜರ್ಮನ್ ಚಿತ್ರಗಳಲ್ಲಿ ತುಟಿ ನಿಂತ ಮೇಲೂ ಮಾತು ಬರುವುದನ್ನು ನೋಡಿದ್ದೆ. ಮಾತಿಲ್ಲದೆ ತುಟಿಯೊಂದೇ ಅಲ್ಲಾಡುವುದನ್ನು ಅಂದು ನೋಡಿದೆ. ಸೆರಗು ಜಾರಿತ್ತು. ಅಷ್ಟರಲ್ಲಿ ಚಪ್ಪಾಳೆ ಸಿಡಿಯಿತು, ಎಲ್ಲರೂ ವೇದಿಕೆಯತ್ತ ತಿರುಗಿದರು. ವೈನಿಯ ಯಜಮಾನರು ಮಾತ್ರ ತಿರುಗಲಿಲ್ಲ. ಅವರು ಹೆಂಡತಿಯ ಕುತ್ತಿಗೆಯನ್ನೇ ನೋಡುತ್ತಿದ್ದರು.

ವಿರಾಮದಲ್ಲಿ ಜನ ಕೈಯಲ್ಲಿ ಗಾಜಿನ ಲೋಟ ಹಿಡಿದು ನಮ್ಮನ್ನು ಸುತ್ತಿ ಹೋಗುತ್ತಿದ್ದರು. ಯಜಮಾನರು ಅವರ ಮುಂದೆ ನಿಂತು ಗಂಟಿನ ಮೇಲೆ ಎರಡು ಬೆರಳಿಟ್ಟರು. ಸಿಟ್ಟಾಗುತ್ತಾರೆಂದು ನಾನು ಕಾದೆ. ಯಾವಾಗಿನಿಂದ ಎಂದಷ್ಟೇ ಕೇಳಿದರು. ವೈನಿ ಹೇಳಲು ಹೋಗಿ ಆಗದೆ ನನ್ನತ್ತ ನೋಡಿದರು. ನಾನು ಡಾಕ್ಟರರ ಮಾತನ್ನು ಒಂದೊಂದಾಗಿ, ಏನೂ ಸೇರಿಸದೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹುಬ್ಬಳ್ಳಿಗೆ ಕಳಸೂದಿಲ್ಲ. ಇಲ್ಲೇ ಮಾಡಸೂಣು. ಯಾರಿಗೂ ಕೇಳೂದಿಲ್ಲ," ಎಂದರು. ಆಮೇಲೆ, "ನೀ ಇಷ್ಟು ಛಂದ ಕೂಗ್ತಿ ಅಂತ ಇಷ್ಟು ವರ್ಷ ನನಗ ಗೊತ್ತ ಇರಲಿಲ್ಲ," ಎಂದರು.

ಉಳಿದ ಅರ್ಧ ನಾಟಕವನ್ನು ನಾವು ನೋಡಿದೆವೋ ಇಲ್ಲವೋ ನನಗೆ ನೆನಪಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಯಜಮಾನರೂ ನಾನೂ ಕೂತಿದ್ದೆವು. ಹೇಳಿದ ವೇಳೆ ಮೀರಿತು. ಬಾಗಿಲು ತೆರೆದಾಗಲೆಲ್ಲ ಅವರು ಅರ್ಧ ಏಳುತ್ತಿದ್ದರು. ಕಡೆಗೆ ಹೊರಬಂದ ಸರ್ಜನ್ ಗಂಟು ಕೆಟ್ಟದ್ದೇ ಎಂದೂ, ಪೂರ್ತಿ ತೆಗೆದಿದ್ದೇವೆಂದೂ, ಬೇರೆಡೆ ಹರಡಿಲ್ಲವೆಂದೂ ಹೇಳಿದರು. ಒಂದು ಬದಿಯ ದನಿಯ ನರವನ್ನು ಅದು ಸುತ್ತಿಕೊಂಡಿತ್ತು, ಬಿಡಿಸಲಾಗದೆ ಕತ್ತರಿಸಬೇಕಾಯಿತು ಎಂದರು. ಯಜಮಾನರು ಅವರ ಎರಡೂ ಕೈ ಹಿಡಿದು ಕುಲುಕಿದರು. ಜೀವ ಉಳಿದಿತ್ತು. ಆದರೆ ದನಿಯ ವಿಷಯವನ್ನು ವೈನಿಗೆ ಹೇಳುವ ಕೆಲಸ ಇನ್ನೂ ಬಾಕಿಯಿತ್ತು. ಎಚ್ಚರವಾದ ಮೇಲೆ ಅವರು ನನ್ನನ್ನೇ ನೋಡಿದರು, ಕಣ್ಣಿನಲ್ಲೇ ಕೇಳಿದರು. ಹೇಳಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಮನೆಗೆ ಬಂದ ಮೇಲೆ ದನಿ ಕಲಿಸುವ ಶಿಕ್ಷಕಿಯೊಬ್ಬಳು ಅಭ್ಯಾಸ ಹೇಳಿಕೊಟ್ಟಳು. ಎರಡೂ ಅಂಗೈಗಳಿಂದ ಗೋಡೆಯನ್ನು ಬಲವಾಗಿ ತಳ್ಳುತ್ತಾ ಸ್ವರಗಳನ್ನು ಜೋರಾಗಿ ಹೇಳಬೇಕು. ಉಳಿದ ಒಂದು ನರವೇ ಎರಡರ ಕೆಲಸ ಕಲಿಯುತ್ತದಂತೆ. ವೈನಿ ಮಾಡಲೊಪ್ಪಲಿಲ್ಲ. ಹರಿದ ತಮಟೆ ಬಾರಿಸಿದಂತೆ ಸದ್ದು ಬರುತ್ತದೆ, ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ ಎಂದು ಸನ್ನೆ ಮಾಡಿದರು. ಇಲ್ಲಿ ಮಧ್ಯಾಹ್ನ ಮಕ್ಕಳು ಕೂಡ ಗದ್ದಲ ಮಾಡುವಂತಿಲ್ಲ ನಿಜ. ಅವರನ್ನು ನಮ್ಮ ಕಟ್ಟಡದ ನೆಲಮಾಳಿಗೆಗೆ, ಎಲ್ಲರೂ ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದೆ. ನನ್ನ ಮಷೀನಿಗೆ ಬಟ್ಟೆ ತುಂಬಿ ತಿರುಗಿಸಿದೆ. ಅದರ ಅಬ್ಬರದಲ್ಲಿ ಯಾರಿಗೂ ಏನೂ ಕೇಳುವಂತಿರಲಿಲ್ಲ. ಅವರು ಮತ್ತೂ ನಿಂತೇ ಇದ್ದಾಗ ನಾನೇ ಮೊದಲು ಗೋಡೆಗೆ ಕೈಕೊಟ್ಟು ತಳ್ಳಿ, ಗಂಟಲು ಬಿರಿಯುವಂತೆ "ಆ" ಎಂದು ಕೂಗಿದೆ. ಹಾಗೆ ನಾನು ಹುಟ್ಟಿದ ಮೇಲೆ ಕೂಗಿರಲಿಲ್ಲ. ವೈನಿ ಕಣ್ಣಗಲಿಸಿ ನೋಡಿ, ಪಕ್ಕಕ್ಕೆ ಬಂದು, ತಾವೂ ಕೈಯಿಟ್ಟರು.

ಆ ಚಳಿಗಾಲವೆಲ್ಲ ನಮ್ಮ ಮನೆಯ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ದಿನದಿನವೂ ಗಾಳಿ, ಬರೀ ಗಾಳಿ. ಅವರು ಬರುವುದನ್ನು ನಿಲ್ಲಿಸಿಬಿಡುತ್ತಾರೆಂಬ ಭಯ ನನಗೆ ತಪ್ಪಲಿಲ್ಲ. ಹಿಮ ಕರಗುವ ಹೊತ್ತಿಗೆ ಒಂದು ದಿನ ಮಷೀನು ನೀರು ಬಿಡಲು ತಟಕ್ಕನೆ ನಿಂತಿತು. ಆ ಮೌನದಲ್ಲಿ ನೆಲದ ಮೇಲೆ ಹಲಗೆ ಎಳೆದಂಥ ಒಂದು ದಪ್ಪನೆಯ ಒರಟು ಸ್ವರ ಕೇಳಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ವೈನಿ ಮತ್ತೆ ಗೋಡೆ ತಳ್ಳಿದರು. ಮತ್ತೆ ಅದೇ ಸ್ವರ.

"ಯಾರವಾ ಇಂವ?" ಎಂದರು, ಅದೇ ದನಿಯಲ್ಲಿ. ಇನ್ನೊಮ್ಮೆ ಕೇಳಿಸಿಕೊಂಡು, "ನಮ್ಮ ಕಂಪನ್ಯಾಗ ದುಶ್ಶಾಸನನ ಪಾರ್ಟು ಮಾಡಾಂವ ಒಬ್ಬ ಇದ್ದ. ಹಂಗ ಆತು ನೋಡು. ಇರಲಿ. ಅವಂಗೂ ಮಾತಿದ್ದವು," ಎಂದರು. ಆಮೇಲೆ ಒದ್ದೆ ಬಟ್ಟೆಯ ಬುಟ್ಟಿಯ ಮೇಲೆ ಕೂತು, ಆ ಹೊಸ ದನಿಯಲ್ಲೇ ಅತ್ತರು.

ಯಜಮಾನರ ಕೆಲಸದ ಅವಧಿ ಮುಗಿದು ಅವರು ಹುಬ್ಬಳ್ಳಿಗೆ ಮರಳಿದರು. ನಮ್ಮ ಐದು ವರ್ಷ ಹಿಗ್ಗಿ ನಾವು ಇಲ್ಲೇ ಉಳಿದೆವು. ವೈನಿ ಫೋನ್ ಮಾಡಿದಾಗ ನನ್ನ ಗಂಡ ಎತ್ತಿಕೊಂಡು "ಹೇಳಿ ಸರ್" ಎಂದರೆ, ಆ ಸರ್ ತಾವೇ ಎಂದು ತಿಳಿಸಿ ಕರಕರ ನಗುತ್ತಿದ್ದರು. ಆ ದನಿಯಲ್ಲೇ ಬಹಳ ವರ್ಷ ಬಾಳಿದರು. ಹೋದ ವರ್ಷ, ಗಂಟಿಗೂ ಗಂಟಲಿಗೂ ಸಂಬಂಧವಿಲ್ಲದೆ, ಹೃದಯ ನಿಂತು ತೀರಿಕೊಂಡರು. ಸುದ್ದಿ ಹೇಳಿದ ಅವರ ಯಜಮಾನರು ಫೋನಿಡುವ ಮೊದಲು, ಮ್ಯೂನಿಕ್ಕಿನ ಆ ಸಂಜೆ ನೆನಪಿದೆಯೇ ಎಂದು ಕೇಳಿದರು.

ನೆನಪಿದೆ. ಅಂದು ಆ ಸಭೆಯಲ್ಲಿ ವೈನಿಯ ಕೂಗು ಅನೇಕರಿಗೆ ಅಸಭ್ಯತೆಯಾಗಿ ಕೇಳಿಸಿರಬೇಕು; ನನಗೆ ನಾಚಿಕೆಯಾಗಿ ಕೇಳಿಸಿತ್ತು. ಇಲ್ಲಿಯ ನಾಟಕಶಾಲೆಗಳಿಗೆ ಈಗಲೂ ಹೋಗುತ್ತೇನೆ, ಯಾರ ಅನುವಾದವೂ ಬೇಕಾಗುವುದಿಲ್ಲ. ಹಾಡು ಮುಗಿದು ಚಪ್ಪಾಳೆ ಏಳುವ ಮೊದಲಿನ ಮೌನ ಬಂದಾಗ ಮಾತ್ರ ಅವರನ್ನು ನೆನೆಯುತ್ತೇನೆ. ತಮ್ಮ ದನಿ ಹೋಗಬಹುದೆಂದು ಗೊತ್ತಿದ್ದವರು, ಅದನ್ನು ದಾರಿಯುದ್ದಕ್ಕೂ ಮಾತಾಡದೆ ಉಳಿಸಿಕೊಂಡು ತಂದು, ಹೆಸರೂ ಗೊತ್ತಿಲ್ಲದ ಇನ್ನೊಬ್ಬ ಹೆಂಗಸಿನ ದನಿ ಚೆನ್ನಾಗಿದೆ ಎಂದು ಹೇಳುವುದಕ್ಕೆ ಪೂರ್ತಿಯಾಗಿ ಖರ್ಚು ಮಾಡಿಬಿಟ್ಟರು.